ಉಂಡೆಗಳ ಲೆಕ್ಕ ಸಾಕು, ಸಸಿಗಳ ಲೆಕ್ಕ ಬೇಕು

ಮುಂಗಾರು ಸಮೀಪಿಸುತ್ತಿದ್ದಂತೆ ಮಲೆನಾಡಿನ ಊರೂರುಗಳಲ್ಲಿ ಬೀಜದುಂಡೆ ಅಭಿಯಾನಗಳು ಆರಂಭವಾಗುತ್ತವೆ. ಮಕ್ಕಳು ಮಣ್ಣು, ಗೊಬ್ಬರ ಕಲಸಿ ಉಂಡೆ ಕಟ್ಟುತ್ತಾರೆ. ಬೋಳುಗುಡ್ಡಗಳ ಮೇಲೆ ಎಸೆಯುತ್ತಾರೆ. ಎಷ್ಟು ಉಂಡೆ ಎಸೆಯಲಾಯಿತೆಂಬುದು ಸುದ್ದಿಯಾಗುತ್ತದೆ. ಎಷ್ಟು ಸಸಿ ಎದ್ದಿತೆಂದು ಕೇಳುವವರು ವಿರಳ. ಈ ಉತ್ಸಾಹ ಸ್ತುತ್ಯರ್ಹವೇ. ಆದರೆ ಎಲ್ಲ ಬೀಜಗಳನ್ನೂ ಒಂದೇ ರೀತಿಯಲ್ಲಿ, ಒಂದೇ ದಿನ ಎಸೆಯುವುದು ಬೀಜಗಳ ಸ್ವಭಾವಕ್ಕೆ ಒಗ್ಗುವುದಿಲ್ಲ.

ಕೆಲವು ಬೀಜಗಳು ಕಾಯಬಲ್ಲವು, ಕೆಲವು ಕಾಯಲಾರವು. ಹಲಸು, ನೇರಳೆ, ಧೂಪ, ರಾಮಪತ್ರೆಗಳು ಕಾಯಲಾರದ ಗುಂಪಿನವು. ತೇವ ಕಳೆದುಕೊಂಡರೆ ಇವು ಸಾಯುತ್ತವೆ. ಧೂಪ ಮಳೆ ಹಿಡಿಯುವ ಹೊತ್ತಿಗೆ ಬೀಜ ಉದುರಿಸುವುದು ಇದಕ್ಕೆ ಅನುಗುಣವಾಗಿಯೇ ಇದೆ. ಇಂತಹ ಬೀಜವನ್ನು ಉಂಡೆಯಲ್ಲಿಟ್ಟು ವಾರಗಟ್ಟಲೆ ಒಣಗಿಸಿದರೆ ಎಸೆಯುವ ಮೊದಲೇ ಅದು ಸತ್ತಿರುತ್ತದೆ.

ಕಕ್ಕೆ, ಸೀಗೆಗಳದು ಬೇರೆಯೇ ಬಗೆ. ಗಟ್ಟಿ ಸಿಪ್ಪೆ ನೀರನ್ನೇ ಒಳಗೆ ಬಿಡದು. ಅದು ಸಡಿಲವಾಗುವವರೆಗೂ ಬೀಜ ಸುಪ್ತಾವಸ್ಥೆಯಲ್ಲಿರುತ್ತದೆ. ತೇಗದ ಬೀಜಗಳೂ ಒಮ್ಮೆಗೇ ಏಳದೆ ಹಲವು ಮಳೆಗಾಲಗಳಿಗೆ ಹಂಚಿಹೋಗುತ್ತವೆ. ಇದು ದೋಷವಲ್ಲ, ಜಾಣತನ. ರೋಹಿಣಿ ಮಳೆಗೆ ಎಲ್ಲವೂ ಮೊಳೆತು, ಬಳಿಕ ಹತ್ತು ದಿನ ಬಿಸಿಲು ಕಾದರೆ ಬೇರಿಳಿಯುವ ಮೊದಲೇ ಸಸಿಗಳು ಬಾಡಿಹೋಗುತ್ತವೆ. ಮಣ್ಣಿನಲ್ಲಿ ಉಳಿದ ಬೀಜಕ್ಕೆ ಮುಂದಿನ ಮಳೆಗಾಲವಿದೆ.

ಆದ್ದರಿಂದಲೇ ಪ್ರಯೋಗಾಲಯದ ಮೊಳಕೆ ಪ್ರಮಾಣದಿಂದ ಗುಡ್ಡದ ಫಲಿತಾಂಶವನ್ನು ಊಹಿಸಲಾಗದು. ಅಲ್ಲಿ ಬೆಳಕು, ತಾಪ, ತೇವ ನಮ್ಮ ಹಿಡಿತದಲ್ಲಿರುತ್ತವೆ. ಇಲ್ಲಿ ಹಗಲಿರುಳು ಬದಲಾಗುತ್ತವೆ. ಮಣ್ಣಿನ ತಾಪ, ತೇವಗಳಿಂದ ಮೊಳಕೆಯ ಕಾಲವನ್ನು ಲೆಕ್ಕ ಹಾಕುವ ಗಣಿತ ಮಾದರಿಗಳಿವೆಯಾದರೂ ಅವು ಬಹುಮಟ್ಟಿಗೆ ಬೆಳೆ ಮತ್ತು ಕಳೆಗಳಿಗಾಗಿ ರೂಪುಗೊಂಡವು.

ಮಣ್ಣಿನಲ್ಲಿ ದೀರ್ಘಕಾಲ ಉಳಿಯುವುದರಲ್ಲಿ ಕಳೆಗಳದೇ ಮೇಲುಗೈ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ ಬಾಟಲಿಗಳಲ್ಲಿ ಹೂತಿಟ್ಟ ಕಳೆಬೀಜಗಳಲ್ಲಿ ಕೆಲವು 142 ವರ್ಷಗಳ ಬಳಿಕ, 2021ರಲ್ಲಿಯೂ ಮೊಳೆತವು. ನಮ್ಮಲ್ಲಿ ಅಕೇಶಿಯಾ ತೋಪಿಗೆ ಬೆಂಕಿ ಬಿದ್ದರೆ ಅದರದೇ ಸಸಿಗಳು ನೆಲ ತುಂಬುತ್ತವೆ. ಬೆಂಕಿಯ ಕಾವಿಗೆ ಅದರ ಗಟ್ಟಿ ಸಿಪ್ಪೆ ಬಿರಿಯುತ್ತದೆ. ಧೂಪ, ರಾಮಪತ್ರೆಗಳಿಗೆ ಮಣ್ಣಿನಲ್ಲಿ ಇಂತಹ ದಾಸ್ತಾನಿಲ್ಲ. ತಾಯಿಮರಗಳನ್ನು ಕಡಿದ ಮೇಲೆ ಅವು ತಾವಾಗಿ ಮರಳಿ ಬರುವುದನ್ನು ನಿರೀಕ್ಷಿಸುವಂತಿಲ್ಲ.

ನಮ್ಮ ಬಳಗ ಮುಂದಿನ ಮಳೆಗಾಲಕ್ಕೆ ಮೂರು ನಿಯಮಗಳನ್ನು ಪಾಲಿಸಲಿ. ಕಾಯಲಾರದ ಬೀಜಗಳನ್ನು ಆಯ್ದ ಕೂಡಲೇ ನೆರಳಿನ ನೆಲದಲ್ಲಿ ಅಥವಾ ಸಸಿಮಡಿಯಲ್ಲಿ ಬಿತ್ತೋಣ. ಗಟ್ಟಿ ಸಿಪ್ಪೆಯವನ್ನು ಉಜ್ಜಿಯೋ ಬಿಸಿನೀರಿನಲ್ಲಿ ನೆನೆಸಿಯೋ ಬಳಸೋಣ. ಒಂದು ಪಾಲನ್ನು ಹಾಗೆಯೇ ಬಿತ್ತಿ ಮುಂದಿನ ವರ್ಷಗಳಿಗೆ ಬಿಡೋಣ. ಬಿತ್ತಿದೆಡೆ ಒಂದು ಚದರ ಮೀಟರಿನ ಕೆಲವು ತುಣುಕುಗಳನ್ನು ಗುರುತಿಸಿ, ಎರಡು ಮಳೆಗಾಲ ಸಸಿಗಳನ್ನು ಎಣಿಸಿ ಬರೆದಿಡೋಣ. ಎಣಿಕೆಯ ಕೆಲಸವನ್ನು ಶಾಲಾ ಮಕ್ಕಳಿಗೇ ಒಪ್ಪಿಸಬಹುದು. ಇದಕ್ಕೂ ಮೊದಲು ಊರಿನ ಕಾನಿನಲ್ಲಿ ಉಳಿದಿರುವ ತಾಯಿಮರಗಳ ಪಟ್ಟಿಯಾಗಲಿ. ಅವುಗಳ ರಕ್ಷಣೆಗೆ ಗ್ರಾಮಸಭೆಯಲ್ಲಿ ನಿರ್ಣಯವಾಗಲಿ.