ತವರಿನ ಹಾದಿಯಲ್ಲಿ ಪಟ್ಟಿ ತಪ್ಪುವ ಕೂಸು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಭೂಪಟದ ಮೇಲೆ ನೇರ ಗೆರೆ ಎಳೆದು ನೋಡಿ. ಎರಡೂ ಆಂಧ್ರದ ಊರುಗಳು. ಗೆರೆ ಮಾತ್ರ ನಮ್ಮ ತುಮಕೂರು ಜಿಲ್ಲೆಯ ಪಾವಗಡವನ್ನು ಹಾಯ್ದು ಹೋಗುತ್ತದೆ. ಆಂಧ್ರದೊಳಕ್ಕೆ ಚಾಚಿಕೊಂಡಿರುವ ತಾಲ್ಲೂಕು ಅದು. ಅತ್ತ ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಮನೆಮಾತು ಕನ್ನಡ. ಇತ್ತ ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು. ಹೆಣ್ಣು ಕೊಡುವಾಗ, ತರುವಾಗ ಇಲ್ಲಿ ಯಾರೂ ರಾಜ್ಯ ಯಾವುದೆಂದು ಕೇಳುವುದಿಲ್ಲ. ಆ ಹೆಣ್ಣು ಹಡೆದ ಮೇಲೆ ಸರ್ಕಾರಿ ಪುಸ್ತಕ ಕೇಳುತ್ತದೆ.

ಲೆಕ್ಕ ಹೀಗಿದೆ. ಸೊಸೆಯ ಹೆಸರು ದಾಖಲಾಗುವುದು ಗಂಡನ ಊರಿನಲ್ಲಿ. ತಾಯಿ ಕಾರ್ಡು, ಕಬ್ಬಿಣದ ಮಾತ್ರೆ, ಚುಚ್ಚುಮದ್ದು ಎಲ್ಲ ಅಲ್ಲಿನದು. ಸೀಮಂತ ಮುಗಿಯುತ್ತಲೇ ತವರಿಗೆ ಹೊರಡುತ್ತಾಳೆ. ಚೊಚ್ಚಲಾದರಂತೂ ಬಿಡುವ ಮಾತೇ ಇಲ್ಲ. ಹೆರಿಗೆ ಮೂರನೆಯದೊಂದು ಊರಿನ ಆಸ್ಪತ್ರೆಯಲ್ಲಿ. ಎರಡು ಮೂರು ದಿನ ಕಳೆದು ಬಾಣಂತಿ, ಕೂಸು ಮತ್ತೆ ತವರಿಗೆ. ಅತ್ತೆಯ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದೆ, ಮನೆಯಲ್ಲಿ ಮಗುವಿಲ್ಲ. ತವರಿನ ಆಶಾಳಿಗೆ ಮಗುವಿನ ಅಳು ಕೇಳುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲ. ಒಂದೇ ತಾಲ್ಲೂಕಿನೊಳಗಾದರೆ ಫೋನಿನಲ್ಲಿ ಹೇಗೋ ಸರಿಹೋದೀತು. ನಡುವೆ ರಾಜ್ಯದ ಗಡಿ ಬಿದ್ದರೆ ಇಲಾಖೆ ಬೇರೆ, ಭಾಷೆ ಬೇರೆ, ಸಂಬಳ ಕೊಡುವ ಕೈ ಬೇರೆ.

ಈ ಓಡಾಟ ನಡೆಯುವುದು ಮಗುವಿನ ಬದುಕಿನ ಅತ್ಯಂತ ಅಪಾಯದ ವಾರದಲ್ಲಿ. ಹುಟ್ಟಿ 28 ದಿನದೊಳಗೆ ಸಾಯುವ ಕೂಸುಗಳಲ್ಲಿ ಮುಕ್ಕಾಲು ಪಾಲು ಮೊದಲ ಏಳು ದಿನ ದಾಟುವುದಿಲ್ಲ. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ಸೋಂಕು ಇವೇ ಮುಖ್ಯ ಕಾರಣಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾವಿರ ಜನನಕ್ಕೆ ಆಂಧ್ರದಲ್ಲಿ ಸುಮಾರು 20, ಕರ್ನಾಟಕದಲ್ಲಿ ಸುಮಾರು 16 ಹಸುಗೂಸುಗಳು ಮೊದಲ ತಿಂಗಳಲ್ಲೇ ತೀರಿಕೊಂಡಿದ್ದವು. 2014ರ ನವಜಾತ ಶಿಶು ಕ್ರಿಯಾಯೋಜನೆ 2030ರೊಳಗೆ ಈ ಸಂಖ್ಯೆಯನ್ನು ಹತ್ತಕ್ಕಿಂತ ಕೆಳಗೆ ತರುತ್ತೇವೆಂದು ಹೇಳಿತ್ತು. ಅದೇ ಸಮೀಕ್ಷೆಯಂತೆ ಎರಡೂ ರಾಜ್ಯಗಳಲ್ಲಿ ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಹಾಗಾಗಿ ‘ಆಸ್ಪತ್ರೆಗೆ ಬನ್ನಿ’ ಎಂಬ ಗೋಡೆಬರಹದ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಆಸ್ಪತ್ರೆಯಿಂದ ಹೊರಟವರು ಎಲ್ಲಿಗೆ ಹೋದರು ಎಂಬುದನ್ನು ಕೇಳುವ ಕೆಲಸ ಈಗ ಶುರುವಾಗಬೇಕು. ಕರ್ನಾಟಕದಲ್ಲಿ ‘ನಗು-ಮಗು’, ಆಂಧ್ರದಲ್ಲಿ ‘ತಲ್ಲಿ ಬಿಡ್ಡ ಎಕ್ಸ್‌ಪ್ರೆಸ್’ ಎಂದು ಬಾಣಂತಿಯನ್ನು ಮನೆಗೆ ಬಿಡುವ ವಾಹನಗಳಿವೆ. ಚೆಂದದ ಹೆಸರುಗಳು. ಯಾವ ಮನೆಗೆ ಬಿಟ್ಟರು ಎಂಬುದು ಆ ಮನೆಯ ಊರಿನ ಆಶಾಳಿಗೂ ತಿಳಿಯಬೇಕಲ್ಲ?

ಪಾವಗಡ ಎಂದಾಗ ಸೂಲಗಿತ್ತಿ ನರಸಮ್ಮನವರನ್ನು ಬಿಟ್ಟು ಮುಂದೆ ಹೋಗಲಾಗದು. ಕೃಷ್ಣಾಪುರದ ಅಲೆಮಾರಿ ಸಮುದಾಯದ, ತೆಲುಗು ಮನೆಮಾತಿನ, ಶಾಲೆ ಕಾಣದ ಈ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿಯರ ಕಾಲವನ್ನು ಮರಳಿ ಕರೆಯಬೇಕೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಹಡೆದ ಆರರಲ್ಲಿ ಎರಡನ್ನು ಮಣ್ಣಿಗೆ ಕೊಟ್ಟ ಅಜ್ಜಿಯರು ನಮ್ಮೆಲ್ಲರ ಮನೆಗಳಲ್ಲೂ ಇದ್ದರು. ಆದರೆ ಸೂಲಗಿತ್ತಿಯ ಕೆಲಸ ಹೊಕ್ಕುಳಬಳ್ಳಿ ಕೊಯ್ದಲ್ಲಿಗೆ ನಿಲ್ಲುತ್ತಿರಲಿಲ್ಲ. ಎಣ್ಣೆ-ನೀರಿಗೆಂದು ಮತ್ತೆ ಬರುತ್ತಿದ್ದಳು, ಕೂಸು ಹಾಲು ಕುಡಿಯಿತೇ, ಮೈ ತಣ್ಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ನಾವು ಹೆರಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡೆವು, ಸರಿಯೇ. ಆ ಎಣ್ಣೆ-ನೀರಿನ ದಿನಗಳನ್ನು ಯಾರ ಕೈಗೂ ಗಟ್ಟಿಯಾಗಿ ಕೊಡಲಿಲ್ಲ.

ಕೊಟ್ಟು ನೋಡಿದವರು ಇದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ತೊಂಬತ್ತರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ತೂಕ ನೋಡುವುದು, ಉಸಿರು ಎಣಿಸುವುದು, ಸೋಂಕಿನ ಲಕ್ಷಣ ಗುರುತಿಸಿ ಚುಚ್ಚುಮದ್ದು ಕೊಡುವುದನ್ನು ಕಲಿಸಿದರು. ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದದ್ದು 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದನ್ನೇ ತೆಳುವಾಗಿಸಿ 2011ರಲ್ಲಿ ದೇಶದ ಆಶಾಗಳ ಕೈಗಿಟ್ಟರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28, 42ನೇ ದಿನ ಮನೆಗೆ ಹೋಗಿ ನೋಡಬೇಕು. ಆರೂ ಭೇಟಿಗೆ ಸೇರಿ ಪ್ರೋತ್ಸಾಹಧನ 250 ರೂಪಾಯಿ. ಮೂರನೇ ದಿನ, ಏಳನೇ ದಿನ ಎಂದರೆ ಬಾಣಂತಿ ಎಲ್ಲಿರುತ್ತಾಳೆ? ತವರಿನಲ್ಲಿ.

ಅನಂತಪುರ, ಪಾವಗಡದ ಕಡೆ ಬಿಸಿಲು ನೋಡಿದವರಿಗೆ ಇಲ್ಲಿ ಕೂಸು ಚಳಿಗೆ ಸಾಯುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಒಂದೂವರೆ ಕಿಲೋ ತೂಕದ ಕೂಸಿನ ಚರ್ಮದಡಿ ಕೊಬ್ಬು ಇರುವುದಿಲ್ಲ. ಫ್ಯಾನಿನ ಗಾಳಿ, ಒದ್ದೆ ಬಟ್ಟೆ, ಹುಟ್ಟಿದ ದಿನವೇ ಹಾಕುವ ಸ್ನಾನ ಸಾಕು, ಮೈ ತಣ್ಣಗಾಗಿ ಹಾಲು ಚೀಪುವ ಶಕ್ತಿ ಹೋಗುತ್ತದೆ. ಹಾಲಿಲ್ಲದೆ ಮೈ ಇನ್ನಷ್ಟು ತಣ್ಣಗಾಗುತ್ತದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆ, ಗಾಳಿ. ಕೂಸು ಉಳಿಯಲಿಲ್ಲ. ಸುದ್ದಿಯಾಯಿತು, ಅಧಿಕಾರಿಗಳು ಹೋದರು, ತಿಳಿವಳಿಕೆ ಹೇಳಿದರು. ಮೌಢ್ಯ ಎಂದು ಬೈದು ನಾವು ಪತ್ರಿಕೆ ಮಡಿಸಿಟ್ಟೆವು. ಬೈಯಬೇಕಾದ್ದೇ. ಜೊತೆಗೆ ಇನ್ನೊಂದು ಮಾತನ್ನೂ ಕೇಳಬೇಕಿತ್ತು: ಆ ದಿನಗಳಲ್ಲಿ ಸರ್ಕಾರದ ಪರವಾಗಿ ಯಾರಾದರೂ ಆ ಗುಡಿಸಲಿಗೆ ಬಗ್ಗಿ ಒಳಗೆ ನೋಡಿದ್ದರೇ?

ಚಳಿಗೆ ಮದ್ದು ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ್ದು: ಟೋಪಿ, ಲಂಗೋಟಿ ಬಿಟ್ಟು ಬರಿಮೈಯ ಕೂಸನ್ನು ತಾಯಿಯ ಬರಿಯೆದೆಗೆ ಕಪ್ಪೆಯಂತೆ ಒರಗಿಸಿ ಬಟ್ಟೆ ಸುತ್ತುವುದು. ಕಾಂಗರೂ ಆರೈಕೆ ಎಂದು ಹೆಸರಾಯಿತು. ಬಡವರ ಉಪಾಯ ಎಂದು ಮೂಗು ಮುರಿದವರಿಗೆ 2021ರಲ್ಲಿ ಉತ್ತರ ಬಂತು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ, ಮಗುವಿನ ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದೊಡನೆ ಹೀಗೆ ಎದೆಗಿಟ್ಟರೆ ಸಾವು ಶೇ 25ರಷ್ಟು ತಗ್ಗುತ್ತದೆಂದು ತಿಳಿಯಿತು.

ನಮ್ಮ ಕೊಪ್ಪಳ ಜಿಲ್ಲೆಯೂ ಇಂಥದೊಂದು ಅಧ್ಯಯನದಲ್ಲಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರದ ಜೊತೆಗೂಡಿ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಜಿಲ್ಲೆಯಿಡೀ ಈ ಆರೈಕೆ ತಲುಪಿಸಲು ಹೊರಟರು. ಭಾರತದ ಕೇಂದ್ರಗಳಲ್ಲಿ ಆಸ್ಪತ್ರೆ ಬಿಡುವ ಹೊತ್ತಿಗೆ ಅಂಥ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನಕ್ಕೆ ಎಂಟು ಗಂಟೆಯಾದರೂ ಎದೆಯ ಮೇಲಿರುತ್ತಿದ್ದವು. ಮನೆಗೆ ಹೋಗಿ ಏಳು ದಿನಕ್ಕೆ ಕರ್ನಾಟಕದ ಕೂಸುಗಳಲ್ಲಿ ಅದು ಮುಂದುವರಿದದ್ದು ಶೇ 36ರಲ್ಲಿ ಮಾತ್ರ. ಅಚ್ಚರಿಯೇನಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಗದರಿಸಿ ಕೂರಿಸುತ್ತಾರೆ. ಮನೆಯಲ್ಲಿ ಒಂದೇ ಕೋಣೆ, ಬಂದುಹೋಗುವ ನೆಂಟರು, ಕುಪ್ಪಸ ಬಿಚ್ಚಿ ಕೂರಲು ಮರೆಯಿಲ್ಲ. ಬಾಣಂತಿಗೆ ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಎಲ್ಲ ಉಪಚಾರ ಉಂಟು. ಕೂಸು ಮಾತ್ರ ಪಕ್ಕದ ತೊಟ್ಟಿಲಲ್ಲಿ. ಆದರೆ ಅಜ್ಜಿಯ ಎದೆಯಾದರೂ ನಡೆಯುತ್ತದೆ, ಅಪ್ಪನದಾದರೂ ನಡೆಯುತ್ತದೆ. ಹೇಳಲು ಒಬ್ಬರು ಮನೆಗೆ ಬರಬೇಕು, ಅಷ್ಟೇ. ಬೆಂಗಳೂರಿನವರು ರೂಪಿಸಿದ ‘ಬೆಂಪು’ ಕೈಪಟ್ಟಿ ಮಗು ತಣ್ಣಗಾದರೆ ಬೀಪ್ ಎನ್ನುತ್ತದೆ. ಒಳ್ಳೆಯದೇ; ಬೀಪ್ ಕೇಳಿ ಏನು ಮಾಡಬೇಕೆಂದು ಮನೆಯವರಿಗೆ ಗೊತ್ತಿರಬೇಕು.

ಕಲ್ಯಾಣದುರ್ಗದಲ್ಲಿ ವಿಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಆಸ್ಪತ್ರೆಯಿದೆ, ಹಿಂದೂಪುರದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಪಾವಗಡದ ಉತ್ತರದ ಹಳ್ಳಿಗಳಿಗೆ ತುಮಕೂರಿಗಿಂತ ಕಲ್ಯಾಣದುರ್ಗವೇ ಎಷ್ಟೋ ಹತ್ತಿರ. ಜನ ಹತ್ತಿರದ ಕಡೆಗೆ ಹೋಗುತ್ತಾರೆ, ಹೋಗಲಿ. ಅನಂತಪುರ, ಶ್ರೀ ಸತ್ಯಸಾಯಿ, ತುಮಕೂರು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದು ಮೇಜಿನ ಸುತ್ತ ಕೂತರೆ ಆಗುವ ಕೆಲಸವಿದು. ಡಿಸ್ಚಾರ್ಜ್ ಚೀಟಿಯಲ್ಲಿ ಗಂಡನ ಊರಿನ ಜೊತೆಗೆ ಕೂಸು ಇನ್ನು ಮೂರು ತಿಂಗಳು ಮಲಗುವ ಊರಿನ ಹೆಸರೂ, ಅಲ್ಲಿನ ಆಶಾಳ ಫೋನ್ ಸಂಖ್ಯೆಯೂ ಇರಲಿ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಾದರೆ ಆಸ್ಪತ್ರೆಯಿಂದ ಅದೇ ದಿನ ಅವಳಿಗೆ ಫೋನ್ ಹೋಗಲಿ. ಭೇಟಿಗೆ ಹೋದವಳಿಗೆ, ಕೂಸು ಯಾವ ರಾಜ್ಯದ್ದೆಂದು ಕೇಳದೆ ಹಣ ಕೊಡಲಿ. ಆಂಧ್ರ 2019ರಲ್ಲೇ ಆಶಾಗಳಿಗೆ ತಿಂಗಳಿಗೆ ಹತ್ತು ಸಾವಿರ ಘೋಷಿಸಿತ್ತು; ನಮ್ಮ ಆಶಾಗಳು ಅದೇ ಹತ್ತು ಸಾವಿರದ ಭರವಸೆ ಪಡೆಯಲು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಬೇಕಾಯಿತು. ಗಡಿಯ ಕೂಸಿನ ಆರು ಭೇಟಿಯ 250 ರೂಪಾಯಿಯನ್ನು ಯಾವ ರಾಜ್ಯ ಕೊಡಬೇಕೆಂದು ಇನ್ನೂ ವಾದ ಉಳಿದಿದ್ದರೆ, ಮೊದಲು ಕೊಟ್ಟುಬಿಟ್ಟು ಆಮೇಲೆ ವಾದಿಸಲಿ.