ಅಡ್ವೆಂಚರ್ ಅಲ್ಲ ಸ್ವಾಮೀ, ಬೇಜವಾಬ್ದಾರಿ!

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾಗೆ ಹೋಗಿ ಬಂದು ತಿಂಗಳ ಮೇಲಾಯ್ತು. ಅವತ್ತಿಂದ ಯಾರ ಮನೆಗೆ ಊಟಕ್ಕೆ ಹೋದ್ರೂ ಇದೇ ಕಥೆ. "ಮರಳಲ್ಲಿ ಗಾಡಿ ಹೂತುಹೋಯ್ತು, ಸಮುದ್ರ ಮೇಲೇರ್ತಾ ಇತ್ತು, ಏನ್ ಮಜಾ ಗೊತ್ತಾ!" ಅಂತ ನನ್ನ ಗೆಳೆಯರು ಕೈಯಾಡಿಸ್ಕೊಂಡು ಹೇಳ್ತಾರೆ. ಮೊದಲೆರಡು ಸಲ ನಾನೂ ಒಗ್ಗರಣೆ ಹಾಕಿದೆ. ಮೂರನೇ ಸಲಕ್ಕೆ ನಾಚಿಕೆ ಆಯ್ತು. ಅದಕ್ಕೇ ಬರೀತಾ ಇದೀನಿ. ಗೆಳೆಯರು ಬೈದ್ರೂ ಪರ್ವಾಗಿಲ್ಲ.

ನಾನು ಹೇಳೋದು ಇಷ್ಟೇ. ಅಲ್ಲಿ ಆದ ಒಂದೊಂದು ಅವಾಂತರಾನೂ ನಾವಾಗೇ ತಂದ್ಕೊಂಡಿದ್ದು. ಅದರ ಖರ್ಚು ಬಿದ್ದಿದ್ದು ಮಾತ್ರ ಬೇರೆಯವರ ತಲೆ ಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಬಾಹಾ ಅಂದ್ರೆ ಸ್ಯಾನ್ ಡಿಯಾಗೋದ ಕೆಳಗೆ ಬಾಲದ ಥರ ಇಳಿದಿರೋ ಪರ್ಯಾಯ ದ್ವೀಪ. ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಕ್ಯಾಲಿಫೋರ್ನಿಯಾ ಕೊಲ್ಲಿ, ನಡುವೆ ಬಹುಪಾಲು ಮರುಭೂಮಿ. ತಿಹುವಾನಾದಿಂದ ಕಾಬೊ ಸ್ಯಾನ್ ಲೂಕಸ್‌ವರೆಗೆ ಸುಮಾರು 1,700 ಕಿ.ಮೀ. ಉದ್ದದ ಹೆದ್ದಾರಿ ಇದೆ, ಅದು ಪೂರ್ತಿಯಾಗಿದ್ದು 1973ರಲ್ಲಿ. ನಾವು ಐದು ಜನ, ಎಲ್ಲ ಸಾಫ್ಟ್‌ವೇರಿನವರೇ, ಡಿಸೆಂಬರ್ ರಜೆಗೆ ಬಾಡಿಗೆ ಮೋಟರ್‌ಹೋಮ್ ತಗೊಂಡು ಹೊರಟ್ವಿ. ಅಡುಗೆಮನೆ, ಮಂಚ, ಕಕ್ಕಸು ಎಲ್ಲ ಇರೋ ಲಾರಿ ಅಂದ್ಕೊಳ್ಳಿ. ಕುಕ್ಕರ್, ಸಾರಿನ ಪುಡಿ, ಹದಿನೈದು ಕೇಜಿ ಅಕ್ಕಿ ಎಲ್ಲ ಇತ್ತು. ಬುದ್ಧಿ ಒಂದನ್ನ ಮನೇಲೇ ಬಿಟ್ಟು ಹೋಗಿದ್ವಿ :)

ಮೊದಲನೇದು ಪೆಟ್ರೋಲ್. ಎಲ್ ರೊಸಾರಿಯೋ ದಾಟಿದ ಮೇಲೆ ಸುಮಾರು 300 ಕಿ.ಮೀ. ಬಂಕ್ ನಂಬ್ಕೊಂಡು ಹೋಗೋ ಹಾಗಿಲ್ಲ. ಆ ರಸ್ತೇಲಿ ಓಡಾಡಿದವರೆಲ್ಲ ಹೇಳೋ ಮೊದಲ ಮಾತೇ ಇದು. ನಾವು "ಕ್ಯೂ ಇದೆ, ಮುಂದೆ ನೋಡೋಣ" ಅಂತ ಹೊರಟ್ವಿ. ಇದ್ದಿದ್ದು ಕಾಲು ಟ್ಯಾಂಕು, ಗಾಡಿ ಲೀಟರಿಗೆ ನಾಲ್ಕು ಕಿ.ಮೀ. ಕೂಡ ಕೊಡಲ್ಲ. ಕತಾವಿನ್ಯಾ ಹತ್ರ ರಸ್ತೆ ಬದೀಲಿ ಡ್ರಮ್ಮಲ್ಲಿ ಪೆಟ್ರೋಲ್ ಮಾರೋನು ಸಿಕ್ಕಿದ್ದಕ್ಕೆ ಬಚಾವ್. ಆದ್ರೂ "ಬಂಕಿಗಿಂತ ಜಾಸ್ತಿ ರೇಟು, ಸುಲಿಗೆ" ಅಂತ ನಮ್ಮವರ ಗೋಳು. ಅಲ್ಲ ಮಾರಾಯ್ರೇ, ನೂರು ಕಿ.ಮೀ.ಗಿಂತ ದೂರದಿಂದ ತಂದು ಬಿಸಿಲಲ್ಲಿ ಕಾಯ್ಕೊಂಡು ಕೂತವನು ಬಂಕಿನ ರೇಟಿಗೆ ಯಾಕೆ ಕೊಡಬೇಕು?

ಎರಡನೇದು ಕನ್ನಡಿ. ಆ ಹೆದ್ದಾರಿ ಕೆಲವು ಕಡೆ ಎಷ್ಟು ಕಿರಿದು ಅಂದ್ರೆ, ಟಾರು ಮುಗಿದ ಕೂಡ್ಲೇ ಇಳಿಜಾರು. ಓಡಿಸ್ತಾ ಇದ್ದವನು ಹಾಡು ಬದಲಾಯಿಸೋಕೆ ಕೈ ಹಾಕಿದ, ಗಾಡಿ ನಡುಗೆರೆಗೆ ಜಾರಿತು, ಎದುರು ಬಂದ ಲಾರಿ ಕನ್ನಡಿಗೂ ನಮ್ಮದಕ್ಕೂ ಢೀ! ಎರಡೂ ಚೂರು. ಲಾರಿಯವನು ಮುಂದೆ ಹೋಗಿ ನಿಲ್ಲಿಸಿದ. ನಾವು ನಿಲ್ಲಿಸ್ಲಿಲ್ಲ. ಅಮೆರಿಕದ ಇನ್ಶೂರೆನ್ಸ್ ಅಲ್ಲಿ ನಡೆಯಲ್ಲ, ಅದಕ್ಕೇ ಅಂತ ಮೆಕ್ಸಿಕೋದ ಪಾಲಿಸಿ ಬೇರೆ ಮಾಡಿಸಿದ್ವಿ. ಅದು ಜೇಬಲ್ಲಿದ್ರೂ ಓಡಿ ಹೋದ್ವಿ. ಊಟದ ಮನೆಗಳಲ್ಲಿ ಹೇಳೋ ಕಥೆಯಲ್ಲಿ ಈ ಭಾಗ ಬರೋದೇ ಇಲ್ಲ.

ಮೂರನೇದು ಆ ಪ್ರಸಿದ್ಧ ಮರಳು. ಕೊನ್ಸೆಪ್ಸಿಯೋನ್ ಕೊಲ್ಲಿಯಲ್ಲಿ ಎಲ್ ರೆಕೆಸೋನ್ ಅಂತ ಒಂದು ಬೀಚ್. ಇಳಿತ ಇದ್ದಾಗ ಮರಳಿನ ದಿಬ್ಬವೊಂದು ತೀರಕ್ಕೂ ಪುಟ್ಟ ದ್ವೀಪಕ್ಕೂ ಸೇತುವೆ ಥರ ಮೇಲೆ ಬರುತ್ತೆ, ಭರತ ಬಂದಾಗ ಮುಳುಗುತ್ತೆ. ಫೋಟೋ ಚೆನ್ನಾಗಿ ಬರುತ್ತೆ ಅಂತ ಐದು ಟನ್ ಗಾಡೀನ ಅದರ ತುದಿವರೆಗೆ ತಗೊಂಡು ಹೋದ್ವಿ. ಭರತದ ಹೊತ್ತು ಒಬ್ಬರೂ ನೋಡಿರ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ಹಿಂದಿನ ಚಕ್ರದ ಅರ್ಧ ಮರಳಲ್ಲಿ, ನೀರು ಹತ್ತಡಿ ದೂರದಲ್ಲಿ. ಕೆಟ್ಟು ನಿಂತವರಿಗೆ ಸಹಾಯ ಮಾಡೋಕೆ ಅಲ್ಲಿನ ಸರ್ಕಾರದ ಹಸಿರು ಗಾಡಿಗಳಿವೆ, 078ಕ್ಕೆ ಫೋನ್ ಮಾಡ್ಬೇಕು. ಫೋನಿಗೆ ಸಿಗ್ನಲ್ಲೇ ಇಲ್ಲ.

ಬಂದಿದ್ದು ಇಬ್ಬರು ಮೀನುಗಾರರು. ಬೆಳಗಿನ ಜಾವ ನಾಲ್ಕಕ್ಕೆ ದೋಣಿ ಇಳಿಸಬೇಕಿದ್ದವರು. ಟೈರಿನ ಗಾಳಿ ಇಳಿಸಿ, ಮರಳು ತೋಡಿ, ಹಲಗೆ ಕೊಟ್ಟು, ಹಳೇ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆದು ಮುಗಿಸುವಾಗ ಎರಡೂವರೆ ಗಂಟೆ. ಐವತ್ತು ಡಾಲರ್ ಕೇಳಿದ್ರು. ನಮ್ಮವನೊಬ್ಬ ಮೂವತ್ತಕ್ಕೆ ಚೌಕಾಸಿ ಶುರು ಮಾಡಿದ! ಮಧ್ಯರಾತ್ರಿ ಸರ್ವರ್ ಬಿದ್ರೆ ಲ್ಯಾಪ್‌ಟಾಪ್ ತೆಗೆಯೋದಕ್ಕೇ ಹತ್ತು ಸಲ ಗೊಣಗೋ ಜಾತಿ ನಮ್ದು.

ನಮ್ಮೂರು ಮರವಂತೆ ಕಡೆ. ಘಟ್ಟದ ಮೇಲಿನವರ ಕಾರು ಮರಳಲ್ಲಿ ಸಿಕ್ಕಿಬಿದ್ದಾಗ ಊರವರು ಎಳೆದು ಹಾಕೋದನ್ನ ಚಿಕ್ಕಂದಿನಿಂದ ನೋಡಿದೀನಿ. "ಇವಕ್ಕೆಲ್ಲ ಮಂಡೆ ಇಲ್ಲ" ಅಂತ ನಗ್ತಿದ್ದೆ. ಅವತ್ತು ನಗಿಸ್ಕೊಂಡವನು ನಾನು.

ಕೊನೇದನ್ನ ಬರೆಯೋಕೆ ಕಷ್ಟ ಆಗ್ತಿದೆ. ವಾಪಸ್ ಬರೋವಾಗ ಕಕ್ಕಸಿನ ಟ್ಯಾಂಕ್ ತುಂಬಿತ್ತು. ದಾರಿಯ ಊರುಗಳಲ್ಲಿ ದುಡ್ಡು ಕೊಟ್ರೆ ಖಾಲಿ ಮಾಡಿಸೋ ಆರ್‌ವಿ ಪಾರ್ಕುಗಳಿವೆ. "ಮರುಭೂಮಿ ತಾನೇ, ಯಾರಿದ್ದಾರೆ ಇಲ್ಲಿ?" ಅಂತ ಕತ್ತಲಲ್ಲಿ ಕಳ್ಳಿಗಿಡಗಳ ಹಿಂದೆ ವಾಲ್ವ್ ತೆಗೆದ್ರು. ಟಾರ್ಚ್ ಹಿಡಿದಿದ್ದು ನಾನು. ಮಳೆ ಬಂದು ತೊಳ್ಕೊಂಡು ಹೋಗೋಕೆ ಅದೇನು ಆಗುಂಬೆಯೇ? ಅಲ್ಲಿ ಬಿದ್ದಿದ್ದು ಅಲ್ಲೇ ಇರುತ್ತೆ. ಆ ಬೀಚುಗಳಲ್ಲಿ ನಲ್ಲಿ ಇಲ್ಲ, ಕುಡಿಯೋ ನೀರನ್ನೇ ಗಾಡೀಲಿ ತಂದು ಮಾರ್ತಾರೆ.

"ಟೂರಿಸ್ಟ್ ದುಡ್ಡು ಅವರಿಗೂ ಬೇಕಲ್ಲ" ಅಂತಾರೆ. ಯಾವ ದುಡ್ಡು? ಅಕ್ಕಿ ನಮ್ದು, ಬೇಳೆ ನಮ್ದು, ಮಲಗಿದ್ದು ನಮ್ಮ ಗಾಡೀಲಿ. ಬೀಚಿನ ಬಾಡಿಗೆಗೂ ಚೌಕಾಸಿ. ಬಿಟ್ಟು ಬಂದಿದ್ದು ಏನು ಅಂತ ಮೇಲೆ ಹೇಳಿದೀನಿ.

ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ಅಂಥ ಸಮುದ್ರ ನಾನು ಬೇರೆ ಎಲ್ಲೂ ನೋಡಿಲ್ಲ. ಆದ್ರೆ ಬಂಕ್ ಸಿಕ್ಕಲ್ಲೆಲ್ಲ ಟ್ಯಾಂಕ್ ತುಂಬಿಸಿ, ರಾತ್ರಿ ಓಡಿಸ್ಬೇಡಿ (ರಸ್ತೇಲಿ ದನ ಮಲಗಿರುತ್ವೆ), ಭರತ ಇಳಿತ ನೋಡ್ಕೊಂಡು ಗಾಡಿ ನಿಲ್ಲಿಸಿ, ಹೊಲಸನ್ನ ಪಾರ್ಕಿನವರೆಗೆ ಹೊತ್ಕೊಂಡು ಹೋಗಿ. ಗುದ್ದಿದ್ರೆ ನಿಲ್ಲಿಸಿ.

ಮುಂದಿನ ಶನಿವಾರ ಮತ್ತೊಬ್ಬರ ಮನೇಲಿ ಊಟ ಇದೆ. ಆ ಕಥೆ ಮತ್ತೆ ಎದ್ರೆ ಈ ಸಲ ನಾನೇ ಶುರು ಮಾಡ್ತೀನಿ, ಲಾರಿಯವನ ಕನ್ನಡಿಯಿಂದ.