ತಟ್ಟೆಯಲ್ಲಿ ಸತ್ತ ಕೋಶ, ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿದ ಔಷಧಿ

'ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಮಾಯ, ಕೀಮೋಗಿಂತ 10,000 ಪಟ್ಟು ಪವರ್‌ಫುಲ್' ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಇದನ್ನು ಬರೀ ಮೂಢನಂಬಿಕೆ ಅಂತ ನಕ್ಕು ಸುಮ್ಮನಾಗಲು ನಾನು ತಯಾರಿಲ್ಲ. ಯಾಕಂದ್ರೆ ಈ ಸುಳ್ಳಿನ ಬೇರು ನಿಜವಾದ ಪ್ರಯೋಗಾಲಯದಲ್ಲೇ ಇದೆ.

ಈ ಗಿಡದ ಎಲೆ, ಬೀಜಗಳಲ್ಲಿರುವ ಅಸಿಟೋಜೆನಿನ್ ಎಂಬ ರಾಸಾಯನಿಕಗಳು ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಹೇಗೆ? ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಕೆಲಸವನ್ನೇ ನಿಲ್ಲಿಸಿ. ಆದರೆ ಮೈಟೊಕಾಂಡ್ರಿಯಾ ನಮ್ಮ ಮಿದುಳಿನಲ್ಲೂ ಇದೆಯಲ್ಲ? ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ಸ್ ಹೋಲುವ ಕಾಯಿಲೆಗೂ ಈ ಹಣ್ಣು, ಎಲೆ ಕಷಾಯಕ್ಕೂ ನಂಟಿರಬಹುದು ಎಂದು ಸಂಶೋಧಕರು 1999ರಲ್ಲೇ ಎಚ್ಚರಿಸಿದ್ದರು. ಫಾರ್ವರ್ಡ್‌ನಲ್ಲಿ ಇದು ಬರಲ್ಲ.

'ಆ್ಯಂಟಿಆಕ್ಸಿಡೆಂಟ್' ಕಥೆಯೂ ಅಷ್ಟೇ. ಸಸ್ಯಸಾರ ಕುಡಿದ ಇಲಿಯಲ್ಲಿ ಕ್ಯಾಟಲೇಸ್‌ನಂಥ ಕಿಣ್ವ ಏರಿದರೆ ಮನುಷ್ಯನಿಗೆ ಕ್ಯಾನ್ಸರ್ ಬರಲ್ಲ ಎಂದರ್ಥವಲ್ಲ. ಫಿನ್ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ಅಧ್ಯಯನ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಆ್ಯಂಟಿಆಕ್ಸಿಡೆಂಟ್ ಅಂತ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು!

ಹಾಗಂತ ಗಿಡಮೂಲಿಕೆ ಎಂದರೆ ಮೂಗು ಮುರಿಯಬೇಕಿಲ್ಲ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದಿದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ. ಆದರೆ ಆ ದಾರಿ ದೂರದ್ದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ ಎರಡು ದಶಕ ಸಾವಿರಾರು ಜಾತಿಯ ಸಸ್ಯಗಳನ್ನು ಜಾಲಾಡಿತು. ಗೆದ್ದು ಔಷಧಿಯಾದವು ಬೆರಳೆಣಿಕೆಯಷ್ಟು. ಟ್ಯಾಕ್ಸಾಲ್‌ನ ಮರದ ತೊಗಟೆ ಸಿಕ್ಕಿದ್ದು 1962ರಲ್ಲಿ, ಔಷಧಿಗೆ ಅನುಮತಿ ದೊರೆತದ್ದು 1992ರಲ್ಲಿ. ಈ 30 ವರ್ಷಗಳ ಕೆಲಸವನ್ನು ಒಂದು ರೀಲ್ 30 ಸೆಕೆಂಡಿನಲ್ಲಿ ಮುಗಿಸುತ್ತೆ.

ಇದು ರಾಜಕೀಯದ ಪ್ರಶ್ನೆಯೂ ಹೌದು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಪುಡಿ, ಟೀ, ಜ್ಯೂಸ್ ಹೆಸರಲ್ಲಿ ವ್ಯಾಪಾರ ಜೋರಾಗಿದೆ. ಊರ ಹತ್ತಿರ ಚಿಕಿತ್ಸೆ ಸಿಗದೆ, ಬೆಂಗಳೂರಿಗೆ ಅಲೆಯಲು ಕಾಸಿಲ್ಲದ ಕುಟುಂಬ ಆ ಡಬ್ಬಿ ಕೊಂಡರೆ ನಾನು ಅವರನ್ನು ದೂರಲ್ಲ. ಅಷ್ಟರಲ್ಲಿ ಮೊದಲ ಹಂತದ ಗೆಡ್ಡೆ ಮೂರನೇ ಹಂತಕ್ಕೆ ಹೋಗಿರುತ್ತೆ, ಅದೇ ಸಂಕಟ.

ಮುಂದಿನ ಫಾರ್ವರ್ಡ್‌ಗೆ ಒಂದೇ ಪ್ರಶ್ನೆ ಕೇಳಿ: ಗುಣವಾಗಿದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ನಿಮ್ಮ ಶಾಸಕರಿಗೆ ಇನ್ನೊಂದು ಕೇಳಿ: ಜಿಲ್ಲಾಸ್ಪತ್ರೆಯಲ್ಲಿ ಕೀಮೋ ಯಾವಾಗ?